ಗಾಜಿನ ಪೆಟ್ಟಿಗೆಯ ಗುಂಡಗಡಿಗೆ

ಜುಲೈ 26, 1943. ಗೋಕಾಕ. ಬೆಳಿಗ್ಗೆ ಏಳು

ಹದ್ದಿಗೆ ಎಣ್ಣೆ ಬಿಟ್ಟೆ. ಮೂರೂ ಉಗುರು ಒರೆಸಿದೆ. ಹಿಡಿತ ಜಾರಲೆಂದು ಹಿಂಬದಿಯ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿದೆ. ಪೆಪ್ಪರ್‌ಮಿಂಟು ಹರಡಿ, ಮೇಲೆ ಕನ್ನಡಿ, ಬಾಚಣಿಗೆ, ಬಾಯಿಬಾಜಾ, ಒಂದು ಫೌಂಟನ್ ಪೆನ್ನು. ಪೆನ್ನಿಗೆ ನಿಬ್ಬಿಲ್ಲ. ಗಾಜಿನ ಹೊರಗೆ ನಿಂತವರಿಗೆ ಅದು ಕಾಣುವುದೂ ಇಲ್ಲ.

ಸಾವ್ಕಾರ ಸತ್ತೆಪ್ಪನವರು ಪೆಟ್ಟಿಗೆಯ ಬಾಗಿಲಿಗೆ ಕೀಲಿ ಜಡಿದು, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ಹೋದರು. ಆ ಕೀಲಿಕೈಗೂ ನನಗೂ ಇರುವುದು, ಇಂಟರ್ ಪರೀಕ್ಷೆಗೂ ನನಗೂ ಇದ್ದ ಸಂಬಂಧವೇ. ದೂರದಿಂದ ನೋಡಿದ್ದೇನೆ. ಎರಡು ಸಲ.

ಮುಂಬೈಯ ಯಾವುದೋ ಪ್ರದರ್ಶನ ಮುಗಿದಾಗ ಸಾವ್ಕಾರರು ಈ ಯಂತ್ರ ಕೊಂಡು ತಂದರು. ಒಂದಾಣೆ ಹಾಕಿದರೆ ಹಿಡಿಕೆ ತಿರುಗುತ್ತದೆ. ತಿರುಗಿಸಿದರೆ ಕಬ್ಬಿಣದ ಉಗುರು ಇಳಿದು, ಸಿಕ್ಕಿದ್ದನ್ನು ಎತ್ತಿ ಹೊರಗೆ ಹಾಕುತ್ತದೆ — ಎತ್ತಿದರೆ. ಜನ ಹದ್ದಿನ ಪೆಟ್ಟಿಗಿ ಅನ್ನುತ್ತಾರೆ. ಈ ಹದ್ದು ತನ್ನ ಹದ್ದು ಮೀರಿ ಎಂದೂ ದಾನ ಮಾಡಿದ್ದಿಲ್ಲ. ಬೆಳಗಾವಿ ಕಾಲೇಜಿನಲ್ಲಾಗಿದ್ದರೆ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಕೇಳುವವರು ಬಾಚಣಿಗೆ, ಕನ್ನಡಿ...

ಆಗಸ್ಟ್ 1. ಮೇಲವಂಕಿ, ಮನೆಯಲ್ಲಿ

ಪಗಾರದ ದಿನ. ಮೂಲ ಪಗಾರ ಹದಿನಾಲ್ಕು ರೂಪಾಯಿ. ವಸೂಲಿಯ ರೂಪಾಯಿಗೆ ಒಂದಾಣೆ ನನ್ನದು — ಈ ತಿಂಗಳು ಆರು ರೂಪಾಯಿ. ಆದರೆ ಪೆಟ್ಟಿಗೆಯಿಂದ ಹೊರಗೆ ಹೋದ ಮಾಲಿನ ಅರ್ಧ ಕಿಮ್ಮತ್ತು ನನ್ನ ತಲೆಗೆ. ಎರಡು ಬಾಯಿಬಾಜಾ, ಒಂದು ಕನ್ನಡಿ ಗೆದ್ದಿದ್ದಾರೆ ದುಷ್ಟರು. ಮೂರೂವರೆ ಕಟ್. ಕೈಗೆ ಹದಿನಾರೂವರೆ. ಒಬ್ಬನು ಗೆದ್ದಾಗ ಸಂತೆಯೆಲ್ಲ ನಗುತ್ತದೆ, ನಾನೊಬ್ಬ ಅಳುತ್ತೇನೆ. ಹೀಗೆ ಮಂದಿಯ ಸುಖದಲ್ಲಿ ಪಾಲು ತೆಗೆದುಕೊಳ್ಳುವ ನೌಕರಿ ಬೇರೆಲ್ಲೂ ಇರಲಾರದು.

ಅವ್ವ ಕೇಳಿದಳು: “ಆಪರೇಟರ್ ಅಂದ್ರ ಆಪರೇಶನ್ ಮಾಡಾವನೇನೊ ಮಾಳ್ಯಾ?”

“ಹೂಂ ಅವ್ವಾ. ಮಂದಿ ಕಿಸೆ ಕೊಯ್ತೀನಿ.”

“ನೋವಾಗೂದಿಲ್ಲೇನ ಅವರಿಗೆ?”

“ಗೊತ್ತಽ ಆಗೂದಿಲ್ಲ.”

ಅಪ್ಪ ಕುರಿಯ ತುಪ್ಪಟ ಕತ್ತರಿಸುತ್ತ ಕೂತಿದ್ದ. ತಲೆ ಎತ್ತಲಿಲ್ಲ. “ಇದನ್ನ ಕತ್ತರಿಸಿದ್ರ ಮತ್ತ ಬೆಳೀತೈತಿ” ಎಂದ. ಅಷ್ಟೇ.

ದೀಪಾವಳಿಯೊಳಗೆ ಫೀ ಕಟ್ಟಿದರೆ ಮತ್ತೊಮ್ಮೆ ಇಂಟರಿಗೆ ಕೂಡಬಹುದು. ಮೂರನೇ ಸಲ. ಟ್ರಂಕಿನಲ್ಲಿ ಮೂವತ್ತೊಂದು ರೂಪಾಯಿ ಇದೆ.

ಆಗಸ್ಟ್ 8. ಮೂಡಲಗಿ

ಜಪಾನಿನ ಗೊಂಬೆ ಬರುವುದು ನಿಂತು ವರ್ಷದ ಮೇಲಾಯಿತು. ಯುದ್ಧ. ಸಾವ್ಕಾರರು ಈಗ ಸಂತೆಯಲ್ಲಿ ಹಳೆಯ ಸಾಮಾನು ಆಯುತ್ತಾರೆ. ಇವತ್ತು ಬೆಳಿಗ್ಗೆ ಅಂಗವಸ್ತ್ರದ ಗಂಟು ಬಿಚ್ಚಿದರು. ನೋಡಿದರೆ ಬೆಳ್ಳಿಯ ಗುಂಡಗಡಿಗೆ! ಲಿಂಗವಂತರ ಎದೆಯ ಮೇಲೆ, ಇಷ್ಟಲಿಂಗವನ್ನು ಒಳಗಿಟ್ಟುಕೊಂಡು ಇರಬೇಕಾದದ್ದು. ಕಟ್ಟುವ ಶಿವದಾರ ಇರಲಿಲ್ಲ.

“ಯಾರ ಕೊಟ್ರು?”

“ಯಾವನೋ ಒಬ್ಬ. ಗಡಿಬಿಡ್ಯಾಗಿದ್ದ, ಸಸ್ತಾ ಕೊಟ್ಟ.”

“ಖಾಲಿ ಐತೇನ್ರಿ?”

“ತುಂಬಿದ್ದ ಯಾರ ಮಾರ್ತಾರೊ? ಖಾಲೀನಽ.”

“ತಗದ ನೋಡ್ಲೇನ್ರಿ?”

“ಹುಚ್ಚದೀಯೇನ? ನೀನೂ ಹಾಲುಮತದಾವ, ನಾನೂ ಹಾಲುಮತದಾವ. ಮಂದಿ ದೇವರ ಮನಿ ಬಾಗಲಾ ನಾವ್ಯಾಕ ತಗೀಬೇಕು? ಕಣ್ಣಿಗಿ ಒತ್ತಿಕೊಂಡ ಇಡು.”

ಸರಿ ಅನಿಸಿತು. ಕಣ್ಣಿಗೊತ್ತಿಕೊಂಡೆ. ಭಾರವಿತ್ತು. ಬೆಳ್ಳಿ ದಪ್ಪ ಅಂದುಕೊಂಡೆ.

“ಇದು ಹ್ವಾದ್ರ ನಿನ್ನ ಪಗಾರ ಹ್ವಾದಂಗ” ಎಂದರು. ಆದ್ದರಿಂದ ಸಣ್ಣ ತಂತಿಯನ್ನು ಅದರ ದಾರ ಕಟ್ಟುವ ಕಿವಿಗೆ ಬಿಗಿದು, ತಂತಿಯ ಇನ್ನೊಂದು ತುದಿಯನ್ನು ತಳದ ಹಲಗೆಯ ಮೊಳೆಗೆ ಕಟ್ಟಿದೆ. ತಂತಿ ಕಾಣದಂತೆ ಪೆಪ್ಪರ್‌ಮಿಂಟು ಮುಚ್ಚಿದೆ. ಹದ್ದು ಮುಟ್ಟುತ್ತದೆ, ಹಿಡಿಯುತ್ತದೆ, ಬೆರಳಿನಷ್ಟು ಎತ್ತುತ್ತದೆ. ಅದಕ್ಕಿಂತ ಮೇಲೆ ಇಲ್ಲ. ನನ್ನ ಕೈಕೆಲಸಕ್ಕೆ ನಾನೇ ತಲೆದೂಗಿದೆ.

ಆಗಸ್ಟ್ 10. ಹುಕ್ಕೇರಿ

ಒಂದೇ ದಿನ ಇಪ್ಪತ್ತೆರಡು ರೂಪಾಯಿ! ಎಂದೂ ಕಂಡದ್ದಿಲ್ಲ. ಊರಿನ ಚಿಲ್ಲರೆಯೆಲ್ಲ ಪೆಟ್ಟಿಗೆಯ ಹೊಟ್ಟೆಯಲ್ಲಿ. ಕಿರಾಣಿ ಅಂಗಡಿಯವರು ಚಿಲ್ಲರೆ ಕೇಳುತ್ತ ನನ್ನ ಹತ್ತಿರ ಬಂದರು. ಬೀಗರನ್ನು ಕರೆತಂದವರು ಬೀಗರನ್ನು ಮರೆತು ಹಿಡಿಕೆ ತಿರುಗಿಸಿದರು. ಎಮ್ಮೆ ಮಾರಿ ಬಂದವನೊಬ್ಬ ಒಂಬತ್ತಾಣೆ ಹಾಕಿ, “ಇನ್ನೊಂದೀಟ ಇತ್ತ ನೋಡೊ!” ಎಂದು ತೊಡೆ ತಟ್ಟಿಕೊಂಡ. ಎಲ್ಲರೂ ಹಾಗೇ ಅನ್ನುತ್ತಾರೆ. ಆ ಇನ್ನೊಂದೀಟಿಗೇ ನನಗೆ ಪಗಾರ.

ಸಾವ್ಕಾರರು ಖುಷಿಯಲ್ಲಿ ಇಲ್ಲಿಂದಲೇ ಕೊಲ್ಹಾಪುರಕ್ಕೆ ಹೋದರು. ಹದಿಮೂರಕ್ಕೆ ಬರುತ್ತಾರೆ. ನಾನು ಪೆಟ್ಟಿಗೆ ಹೇರಿಕೊಂಡು ಗೋಕಾಕಕ್ಕೆ.

ಆಗಸ್ಟ್ 11. ಗೋಕಾಕ. ಸಂಜೆ

ನೆಟ್ಟಗೆ ಬರೆಯಬೇಕು. ಚಮತ್ಕಾರ ಬೇಡ.

ಮಧ್ಯಾಹ್ನ ಒಬ್ಬ ಮುದುಕಿ ಬಂದಳು. ಕಾಲೆಲ್ಲ ಕೆಸರು. ಗಾಜಿಗೆ ಹಣೆ ತಾಗಿಸಿ ನಿಂತಳು. ಆಮೇಲೆ ಮೆಲ್ಲಗೆ, “ತಮ್ಮಾ, ಇದು ನಮ್ಮವರದು” ಎಂದಳು.

“ಒಂದಾಣೆ ಹಾಕ್ರಿ ಯವ್ವಾ, ನಿಮ್ಮದಽ ಆಗತೈತಿ.”

ಸುತ್ತಲಿನವರು ನಕ್ಕರು. ನಾನೂ ನಕ್ಕೆ.

“ಮುಚ್ಚಳದ ಮ್ಯಾಲ ನೆಗ್ಗೈತಿ ನೋಡು. ಎತ್ತ ತುಳದಿತ್ತು. ಅದರಾಗ ಅವರ ಲಿಂಗ ಐತಿ.”

ನೆಗ್ಗು ಇತ್ತು. ನಗು ಹೋಯಿತು.

ಪಾರವ್ವ, ಮಮದಾಪುರದವಳು. ಪೆಟ್ಟಿಗೆಯಲ್ಲಿ ಗುಂಡಗಡಿಗೆ ಇದೆಯೆಂದು ಸಂತೆಗೆ ಹೋದವರ ಬಾಯಲ್ಲಿ ಕೇಳಿ ಬಂದಿದ್ದಳು. ಗಂಡ ಲಕ್ಕಪ್ಪ ಮೆಣಸಿನಕಾಯಿ ಹೇರಿಕೊಂಡು ಮೂಡಲಗಿಗೆ ಹೋಗಿದ್ದ. ಏಳನೇ ತಾರೀಖಿನ ರಾತ್ರಿ ಚಕ್ಕಡಿಯಲ್ಲಿ ಮಲಗಿದ್ದಾಗ ಯಾರೋ ಶಿವದಾರ ಕತ್ತರಿಸಿ ಒಯ್ದಿದ್ದಾರೆ. ಅಂದಿನಿಂದ ಅನ್ನವಿಲ್ಲ, ನೀರಿಲ್ಲ. ಲಿಂಗ ಎದೆಯ ಮೇಲಿಲ್ಲದೆ ಅವನು ತುಟಿಗೆ ಏನೂ ತಾಗಿಸುವುದಿಲ್ಲ. ಮಠದ ಅಯ್ಯನವರು ಮನೆಗೇ ಬಂದು, ಬೇರೆ ಲಿಂಗ ಕಟ್ಟುತ್ತೇನೆ, ದೋಷವಿಲ್ಲ ಎಂದರಂತೆ.

“ನಮ್ಮವರು ಅಯ್ನೋರ ಕಾಲಿಗಿ ಬಿದ್ರು. ಆದ್ರ ಒಲ್ಲೆ ಅಂದ್ರು. ಎಂಟ ವರ್ಷದ ಹುಡುಗ ಇದ್ದಾಗ ಕಟ್ಟಿದ್ದು, ಅರವತ್ತ ವರ್ಷ ನನ್ನ ಎದಿ ಬಡಿಯೂದು ಕೇಳೇತಿ, ಅದನ್ನ ಬೀದ್ಯಾಗ ಬಿಟ್ಟ ಇನ್ನೊಂದಕ್ಕ ಹೆಂಗ ಕೈ ಒಡ್ಡಲಿ ಅಂತಾರ. ಇವತ್ತಿಗಿ ನಾಕ ದಿನಾತು. ಬಾಗಲಾ ತಗಿ ತಮ್ಮಾ.”

“ಕೀಲಿಕೈ ನನ್ನ ಹಂತೇಲಿ ಇಲ್ರಿ. ಸಾವ್ಕಾರ್ರು ಕೊಲ್ಹಾಪುರಕ್ಕ ಹೋಗ್ಯಾರ. ನಾಡದ ಬರ್ತಾರ.”

“ಗಾಜ ಒಡಿಯೋ” ಎಂದ ಗುಂಪಿನಲ್ಲಿ ಒಬ್ಬ.

“ಮುಂಬೈ ಗಾಜ್ರಿ. ಈಗ ಸಿಗೂದಽ ಇಲ್ಲ. ನನ್ನ ಒಂದ ವರ್ಷದ ಪಗಾರ!”

ಅಷ್ಟು ಬೇಗ ಉತ್ತರ ಬಂತು ನನ್ನ ಬಾಯಲ್ಲಿ. ಪರೀಕ್ಷೆಯಲ್ಲಿ ಎಂದೂ ಬಂದಿರಲಿಲ್ಲ.

ಮುದುಕಿ ಸೆರಗಿನ ಗಂಟು ಬಿಚ್ಚಿದಳು. “ಹಂಗಾರ ಆಣೇನಽ ಹಾಕ್ತೀನಿ ತೊಗೊ.”

ಆಗ ಹೇಳಬೇಕಿತ್ತು. ಕಟ್ಟಿದ್ದೇನೆ ಅವ್ವಾ, ಬರುವುದಿಲ್ಲ ಎಂದು. ಸುತ್ತ ಮೂವತ್ತು ಜನ. ಹಿಂದಿನ ದಿನ ಹುಕ್ಕೇರಿಯಲ್ಲಿ ದುಡ್ಡು ಹಾಕಿದವರೂ ಇದ್ದರು. ಹದ್ದು ಗಟ್ಟಿ ಹಿಡಿಯಲೆಂದು ಸ್ಕ್ರೂ ಬಿಗಿ ಮಾಡಿದೆ. ನನ್ನಲ್ಲಿದ್ದ ಧೈರ್ಯ ಅಷ್ಟೇ.

ಏಳು ಸಲ ತಿರುಗಿಸಿದಳು. ಜನ ಉಸಿರು ಹಿಡಿದಿದ್ದರು. “ಸಾವಕಾಶ ಯವ್ವಾ!” “ಎಡಕ್ಕ, ಎಡಕ್ಕ!” “ಹಿಡೀತು ನೋಡ್ರಿ!” ಹದ್ದು ಪ್ರತಿ ಸಲವೂ ಹಿಡಿಯಿತು. ತಂತಿ ಬಿಡಲಿಲ್ಲ. “ಕೈ ನಡಗತಾವ ತಮ್ಮಾ, ನೀ ತಿರುವು” ಎಂದಳು. ನನ್ನ ಕಿಸೆಯ ಐದಾಣೆ ಹಾಕಿ ತಿರುಗಿಸಿದೆ. ತುಟಿ ಕಚ್ಚಿಕೊಂಡು, ಹಣೆಯ ಬೆವರು ಒರೆಸಿಕೊಂಡು. ಕಾಲೇಜಿನ ನಾಟಕದಲ್ಲಿ ನನಗೆ ಪಾತ್ರ ಕೊಟ್ಟಿರಲಿಲ್ಲ. ಕೊಡಬಹುದಿತ್ತು.

ಬೆಳಿಗ್ಗೆ ಮತ್ತೆ ಬರುತ್ತೇನೆಂದು ಮಮದಾಪುರದ ಹಾದಿ ಹಿಡಿದಳು. ನಾನು ಪೋಸ್ಟಿಗೆ ಹೋಗಿ ಕೊಲ್ಹಾಪುರಕ್ಕೆ ತಂತಿ ಕೊಟ್ಟೆ. ಒಂದು ತಂತಿ ಬಿಚ್ಚಲಾರದೆ ಇನ್ನೊಂದು ತಂತಿ... ಥೂ.

ಆಗಸ್ಟ್ 12. ಬೆಳಿಗ್ಗೆ ಎಂಟು

ಉತ್ತರವಿಲ್ಲ. ಮುದುಕಿಯೂ ಬಂದಿಲ್ಲ.

ಹಿಡಿಕೆಯನ್ನು ಕಳಚಿ ಕೈಯಲ್ಲಿ ಹಿಡಿದೆ. ನಾಲ್ಕು ಸೇರು ಕಬ್ಬಿಣ. ಒಂದೇ ಏಟು ಸಾಕು. ವರ್ಷದ ಪಗಾರ. ಇಂಟರ್ ಇಲ್ಲ. ಅಪ್ಪನ ಹಿಂದೆ ಕುರಿ... ಮುದುಕನಿಗೆ ಇನ್ನೊಂದು ದಿನ ಏನೂ ಆಗಲಿಕ್ಕಿಲ್ಲ. ಗಟ್ಟಿ ಜೀವ. ಸಾವ್ಕಾರರು ಇವತ್ತೇ ಹೊರಟರೂ ಹೊರಟಾರು.

ಹಿಡಿಕೆ ಮತ್ತೆ ಜೋಡಿಸಿದೆ.

ಅದೇ ದಿನ. ಹನ್ನೊಂದು

ಮಮದಾಪುರದಿಂದ ಬಂದವನೊಬ್ಬ ಹೇಳಿದ. ಲಕ್ಕಪ್ಪನಿಗೆ ಮಾತು ನಿಂತಿದೆ. ಪಾರವ್ವ ಬಿಟ್ಟು ಬರಲಾರಳು.

ಒಡೆದೆ.

ಆಗಸ್ಟ್ 14

ತಂತಿ ಇಕ್ಕಳಕ್ಕೆ ಒಂದೇ ಸಲಕ್ಕೆ ತುಂಡಾಯಿತು. ಎಷ್ಟು ಸಣ್ಣ ತಂತಿ.

ಒಗೆದ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಓಡಿದೆ. ಗಾಜು ಕೊಯ್ದ ಕೈಯ ರಕ್ತ ತಾಗದಂತೆ ಇನ್ನೊಂದು ಕೈಯಲ್ಲಿ ಹಿಡಿದಿದ್ದೆ. ಓಡುವಾಗ ಒಳಗೆ ಏನೋ ಮೆಲ್ಲಗೆ ಅಲುಗುತ್ತಿತ್ತು. ಎಂಟನೇ ತಾರೀಖಿನ ಬೆಳಿಗ್ಗೆ ಒಂದು ಸಲ ಕಿವಿಯ ಹತ್ತಿರ ಹಿಡಿದು ಅಲುಗಿಸಿದ್ದರೆ ಸಾಕಿತ್ತು. ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

ಮನೆಯ ಮುಂದೆ ಜನ. ಒಳಗೆ ಲಕ್ಕಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ. ಅವನನ್ನು ನಾನು ನೋಡಿದ್ದು ಅದೇ ಮೊದಲು.

ಅಯ್ಯನವರು ಗುಂಡಗಡಿಗೆ ತೆಗೆದರು. ಲಿಂಗವನ್ನು ನೀರಿನಿಂದ ತೊಳೆದು, ಅವನ ಎಡಗೈ ಬಿಡಿಸಿ, ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಹಾಗೆಯೇ ಮಣ್ಣು ಕೊಟ್ಟರು.

“ಒಂದ ತಾಸ ಮೊದ್ಲ ಬಂದಿದ್ರ...” ಎಂದ ಯಾರೋ. ಪಾರವ್ವ ಅವನ ಮೇಲೇ ಸಿಟ್ಟಾದಳು. “ಸುಮ್ಮನಿರು! ಆ ಹುಡುಗ ವರ್ಷದ ಪಗಾರ ಕಳಕೊಂಡ ಗಾಜ ಒಡದಾನ. ಕೈ ನೋಡ ಅವಂದು.” ತನ್ನ ಸೆರಗು ಹರಿದು ನನ್ನ ಕೈಗೆ ಕಟ್ಟಿದಳು. ಗಂಡ ಹೋದ ಹೊತ್ತಿನಲ್ಲಿ. ನಾನು ಕಟ್ಟಿಸಿಕೊಂಡೆ.

ಸೆಪ್ಟೆಂಬರ್ 1. ಗೋಕಾಕ

ಪಗಾರದ ದಿನ. ವಸೂಲಿಯ ಪಾಲು ಪೂರಾ, ಹದಿನಾಲ್ಕರಲ್ಲಿ ಹನ್ನೊಂದು ಗಾಜಿನ ಲೆಕ್ಕಕ್ಕೆ. ಕೈಗೆ ಮೂರು ರೂಪಾಯಿ. ಇಂಟರಿನ ಆಸೆ ಮುಗಿಯಿತು.

ಒಡೆದ ಕಡೆ ಸಾವ್ಕಾರರು ಹಲಗೆ ಬಡಿಸಿದ್ದಾರೆ. ಹಲಗೆ ನೋಡಲೆಂದೇ ಜನ ಬರುತ್ತಾರೆ. ವ್ಯಾಪಾರ ಜೋರು. ಹೆಂಗಸರು ನನ್ನ ಕಡೆ ಕೈ ಮಾಡಿ ಮಕ್ಕಳಿಗೆ ತೋರಿಸುತ್ತಾರೆ — “ಪುಣ್ಯಾತ್ಮ ನೋಡ, ಇವನಽ.” ಒಬ್ಬಾಕೆ ಕಾಲಿಗೆ ಬೀಳಲು ಬಂದಳು. ಪೆಟ್ಟಿಗೆಯ ಹಿಂದೆ ಸರಿದೆ.

ಸೆಪ್ಟೆಂಬರ್ 6. ಮೂಡಲಗಿ

ಮಮದಾಪುರದ ಕಾಶೆವ್ವ, ಪಾರವ್ವನ ನೆರೆಮನೆಯವಳು, ಬೆಲ್ಲ ಕೊಳ್ಳಲು ಬಂದಿದ್ದಳು. ಪಾರವ್ವ ಹೇಗಿದ್ದಾಳೆ ಎಂದು ಕೇಳಿದೆ.

“ಏನ ಹೇಳ್ಲಿ ತಮ್ಮಾ. ಬಲಗೈಲೆ ಉಣ್ಣೂದ ಬಿಟ್ಟಾಳ. ‘ಈ ಕೈ ನೆಟ್ಟಗ ತಿರುವಿದ್ರ ಅವತ್ತಽ ಬರ್ತಿತ್ತು. ಏಳ ಸಲ ಹಿಡದಿತ್ತು, ಏಳ ಸಲಾನೂ ನಾನಽ ಬಿಟ್ನಿ. ನನ್ನ ಕೈಲೇನಽ ಹೋದ್ರು’ ಅಂತಾಳ. ಕುಂತಲ್ಲೆ ಗಾಳ್ಯಾಗ ಕೈ ತಿರುವತಾಳ. ಎಷ್ಟ ಹೇಳಿದ್ರೂ ಕೇಳೂದಿಲ್ಲ. ದಿನಾ ಒಂದಽ ತುತ್ತು. ಬಾಳ ದಿನಾ ಉಳಿಯಾಕಿ ಅಲ್ಲ.”

ಹಿಡಿಕೆ ತಿರುಗಿಸಲು ಮೂರು ಮಂದಿ ಕಾಯುತ್ತಿದ್ದರು. ಏನು ಮಾಡಿದೆನೋ ನೆನಪಿಲ್ಲ.

ಸೆಪ್ಟೆಂಬರ್ 7. ಮಮದಾಪುರ. ಬೆಳಿಗ್ಗೆ

ಪಾರವ್ವನ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನನಗೆ ನೀರು ತರಲು ಒಳಗೆ ಹೋಗಿದ್ದಾಳೆ.

ನಿನ್ನ ಕೈಯ ತಪ್ಪಲ್ಲ ಎಂದು ಸುಮ್ಮನೆ ಹೇಳಿದರೆ ನಂಬುವುದಿಲ್ಲ. ಊರೆಲ್ಲ ಅದನ್ನೇ ಹೇಳಿದೆ. ಕಾರಣ ಹೇಳಬೇಕು. ಹೇಳಿದರೆ ಈ ಊರಿನವರು ನನ್ನನ್ನು ಏನು ಮಾಡುತ್ತಾರೋ. ಹುಕ್ಕೇರಿಯವರೂ. ಸಾವ್ಕಾರರೂ. ಅದು ಆಮೇಲಿನ ಮಾತು. ಅವಳು ಹೇಗೆ ನೋಡುತ್ತಾಳೆ — ಅದು ಮೊದಲಿನದು...

ಬಂದಳು. ಎಡಗೈಯಲ್ಲಿ ತಂಬಿಗೆ. ಎದುರಿಗೆ ಕೂತಿದ್ದಾಳೆ.

“ನೀ ದಿನಾ ತಿರುವಾವ, ನಿನಗ ಗೊತ್ತಿರತೈತಿ. ನಾ ಇನ್ನೊಂದೀಟ ಸಾವಕಾಶ ತಿರುವಿದ್ರ ಬರ್ತಿತ್ತಲಾ? ಖರೇ ಹೇಳು ತಮ್ಮಾ.”

ಬರೆಯುವ ನೆವದಲ್ಲಿ ತಲೆ ತಗ್ಗಿಸಿದ್ದೇನೆ. ಕಾಯುತ್ತಿದ್ದಾಳೆ. ಪೆನ್ಸಿಲು ಕೆಳಗಿಡಬೇಕು. ಅವ್ವಾ, ಬರ್ತಿರಲಿಲ್ಲ, ಅದನ್ನ ನಾನಽ ತಂತೀಲೆ