ಒಬ್ಬಳಿಗಾಗುವಷ್ಟು ಜಾಗ

ಗುರುವಾರ, ಮಾರ್ಚ್ ೧೪

ಪ್ರೀತಿಯ ಪಟಾಕಿ,

ಹೇಗಿದ್ದೀಯೇ? ನಿನ್ನ ಕಾಗದ ಬಂದು ಏಳು ತಿಂಗಳಾದರೂ ಉತ್ತರಿಸದ ಈ ಗೂಬೆಯನ್ನು ಎಷ್ಟು ಬೈದರೂ ಕಡಿಮೆಯೇ. ಇದು ಮೂರನೆಯ ಹಾಳೆ. ಮೊದಲೆರಡನ್ನು ಹರಿದು ಹಾಕಿದೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನಮ್ಮ ರೇಡಿಯಾಲಜಿ ವಿಭಾಗ ನೀನು ಬಿಟ್ಟಾಗ ಹೇಗಿತ್ತೋ ಹಾಗೇ ಇದೆ. ಖಾಯಂ ವೈದ್ಯರಲ್ಲಿ ಹನ್ನೊಂದು ಗಂಡಸರು, ನಾನೊಬ್ಬಳು. ಎಕ್ಸ್-ರೇ ಕೋಣೆಯ ಸೀಸದ ಏಪ್ರನ್‌ಗಳೆಲ್ಲ ಅವರ ಅಳತೆಯವೇ. ಇಪ್ಪತ್ತೆರಡು ವರ್ಷದಿಂದ ನನ್ನ ಕಣಕಾಲಿಗೆ ಬಡಿಯುತ್ತಿವೆ. "ಹೆಂಗಸರಿಗೆ ಜಾಗ ಇಲ್ಲ ಅಂತ ಯಾರು ಹೇಳ್ತಾರೆ, ನೀವಿದ್ದೀರಲ್ಲ ಮೇಡಂ" ಎನ್ನುತ್ತಾರೆ ಈಗಿನ ಮುಖ್ಯಸ್ಥರು. ನಾನೂ ಹಲ್ಲು ಕಿರಿದು ಸುಮ್ಮನಾಗುತ್ತೇನೆ.

ಹೋದ ವರ್ಷ ಒಬ್ಬ ಹುಡುಗಿ ತಾತ್ಕಾಲಿಕವಾಗಿ ಸೇರಿದಳು. ನಿನ್ನಂತೆಯೇ ಬಾಯಿಬಡುಕಿ, ರಕ್ತನಾಳದೊಳಗೆ ತಂತಿ ತೂರಿಸುವುದರಲ್ಲಿ ಎತ್ತಿದ ಕೈ. ಖಾಲಿಯಿರುವ ಒಂದೇ ಒಂದು ಖಾಯಂ ಹುದ್ದೆಗೆ ಅವಳೂ ಅವಳ ಜೊತೆಯ ಹುಡುಗನೂ ಕಾದಿದ್ದಾರೆ. ಹದಿನೈದು ದಿನದ ಹಿಂದೆ ಬಟ್ಟೆ ಬದಲಾಯಿಸುವ ಕೋಣೆಯ ಚಿಲಕ ಹಾಕಿ, "ಮೇಡಂ, ನನಗೀಗ ಮೂರು ತಿಂಗಳು. ಆಯ್ಕೆ ಮುಗಿಯೋವರೆಗೂ ಯಾರಿಗೂ ಹೇಳ್ಬೇಡಿ" ಎಂದಳು. ಕಣ್ಣು ಕೆಂಪಾಗಿತ್ತು. ಹೊಟ್ಟೆಯ ಕೂಸಿಗೆ ವಿಕಿರಣ ತಾಕದಿರಲೆಂದು ಅವಳ ಸರದಿಯನ್ನು ಎಕ್ಸ್-ರೇ ಕೋಣೆಯಿಂದ ಅಲ್ಟ್ರಾಸೌಂಡಿಗೆ ಬದಲಾಯಿಸಿಕೊಟ್ಟೆ.

ನಿನ್ನೆ ಆಯ್ಕೆಯ ಸಭೆ. ಮುಖ್ಯಸ್ಥರು ನನ್ನತ್ತ ತಿರುಗಿ, "ಆ ಹುಡುಗಿ ಎಕ್ಸ್-ರೇ ಕಡೆ ತಲೆ ಹಾಕ್ತಿಲ್ಲ. ಏನು ವಿಷಯ? ಹೆಂಗಸರು ನೀವು, ನಿಮಗೆ ಗೊತ್ತಿರುತ್ತೆ" ಎಂದರು.

"ಸರದಿ ಹಾಕಿದ್ದು ನಾನು, ಸರ್. ಹುಡುಗ ಅಲ್ಟ್ರಾಸೌಂಡ್ ಕಡೆ ತಲೆ ಹಾಕ್ತಿಲ್ಲ ಅಂತ ನೀವು ಕೇಳ್ಲೇ ಇಲ್ವಲ್ಲ" ಎಂದೆ.

ಫಲಿತಾಂಶ ನಾಳೆ. ಅವಳಿಗೆ ಸಿಗದಿದ್ದರೆ ನಾನೇನು ಮಾಡುತ್ತೇನೋ ಗೊತ್ತಿಲ್ಲ. ಸಂತೋಷವಾಗಬೇಕಿತ್ತು ಕಣೇ, ಆದರೆ ನಿನ್ನೆಯಿಂದ ತುತ್ತು ಇಳಿಯುತ್ತಿಲ್ಲ.

ನಿನ್ನ ಕ್ಲಿನಿಕ್ಕಿನ ನೆಗಡಿ ಕೆಮ್ಮುಗಳು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಗಳಿಗೆ ನನ್ನ ಆಶೀರ್ವಾದ ಹೇಳು. ಅವಳು ಎಲ್ಲಿ ಕಾಲಿಟ್ಟರೂ ಅಲ್ಲಿ ನಾಲ್ಕು ಜನ ಹುಡುಗಿಯರು ಮೊದಲೇ ಇರಲಿ.

ಇಂದಿಗೂ ಕತ್ತಲ ಕೋಣೆಯಲ್ಲೇ ಕೂರುವ ನಿನ್ನ
ಗೂಬೆ

ಮರೆತ ಮಾತು: ಮರೆತೆ ಎಂದರೆ ಸುಳ್ಳಾಗುತ್ತದೆ. ನೀನು ಬಸುರಿಯೆಂದು ಆಗಿನ ಮುಖ್ಯಸ್ಥರ ಕಿವಿಗೆ ಹಾಕಿದಳೆಂದು ಆ ನರ್ಸನ್ನು ಇವತ್ತಿಗೂ ಬೈಯುತ್ತೀಯ. ಪಾಪ, ಆಕೆಗೆ ವಿಷಯವೇ ಗೊತ್ತಿರಲಿಲ್ಲ. ಆ ಮುಖ್ಯಸ್ಥರೂ ಇದೇ ಪ್ರಶ್ನೆಯನ್ನು ನನಗೆ ಕೇಳಿದ್ದರು. ನಮ್ಮಿಬ್ಬರ ನಡುವೆ ಹುದ್ದೆ ಆಗಲೂ ಒಂದೇ ಇತ್ತು. ನೀನು ಹೇಳಿದ್ದು ನನಗೊಬ್ಬಳಿಗೇ.