ಎರಡು ನಿಮಿಷ ಹದಿನಾಲ್ಕನೇ ಸೆಕೆಂಡಿನ ಆ ನೋಟ

ಹಾಡಿನ ವಿಡಿಯೋಗಳಿಗೆ ಚಿತ್ರೀಕರಣದ ಅನುಮತಿಯನ್ನೂ ಆಮೇಲೆ ಪ್ರಶಸ್ತಿಯನ್ನೂ ಒಂದೇ ಕಚೇರಿಯಿಂದ ದಯಪಾಲಿಸುವ ಮಂಡಳಿಯ ಅಧ್ಯಕ್ಷರೇ,

ಈ ವರ್ಷ 'ಸ್ತ್ರೀಶಕ್ತಿಯ ಶ್ರೇಷ್ಠ ಚಿತ್ರಣ' ಎಂದು ತಾವು ಪ್ರಶಸ್ತಿ ಕೊಟ್ಟ ವಿಡಿಯೋದಲ್ಲಿ ರಾಣಿಯಾಗಿ ಮೆರೆದ ಹುಡುಗಿ ಆ ಹೊತ್ತಿನಲ್ಲಿ ಉಸಿರುಗಟ್ಟಿ ಒದ್ದಾಡುತ್ತಿದ್ದಳು. ಅವಳು ನನ್ನ ತಂಗಿಯ ಮಗಳು. ಅವಳನ್ನು ಆ ಉಡುಪಿನೊಳಗೆ ಹಾಕಿ ಹೊಲಿದವಳು ನಾನು. ಬರುವ ಗುರುವಾರ ಮತ್ತೆ ಹೊಲಿಯಬೇಕಂತೆ. ಹೆದರಿಕೆಯಾಗಿ ಬರೆಯುತ್ತಿದ್ದೇನೆ.

ನಾನು ದರ್ಜಿ. ಗುಂಡಿ ಹಚ್ಚುವ ಕೆಲಸದಿಂದ ಶುರುಮಾಡಿ ಈಗ ಆರು ಮಷಿನ್ನಿನ ಅಂಗಡಿ ನಡೆಸುತ್ತಿದ್ದೇನೆ. ಶಕ್ತಿವಂತ ಹೆಣ್ಣನ್ನು ತೋರಿಸುವ ಹಾಡುಗಳಿಗೆಂದು ಇದುವರೆಗೆ ಹೊಲಿದ ಉಡುಪು ನಲವತ್ತೊಂದು. ಅವುಗಳಲ್ಲಿ ತೊಟ್ಟವಳು ತನ್ನ ಕೈಯಾರೆ ಬಿಚ್ಚಿಕೊಳ್ಳಬಹುದಾದದ್ದು ಮೂರೇ ಮೂರು. ಉಳಿದವಕ್ಕೆ ಜಿಪ್ಪು, ಕೊಕ್ಕೆ, ದಾರ ಎಲ್ಲವೂ ಬೆನ್ನಿಗೆ. ಅವಳ ಕಾಲಡಿ ಮಂಡಿಯೂರುವ ಗಂಡಸರ ಕೋಟಿಗೆ ಮಾತ್ರ ಗುಂಡಿ ಮುಂದೆಯೇ ಇರುತ್ತದೆ. ಸೆಖೆಯಾದರೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಚಹಾ ಕುಡಿಯುತ್ತಾರೆ. ಇಲ್ಲಿ ಆಳುವವರು ಯಾರು ಎಂದು ತೀರ್ಮಾನಿಸುವ ಮೊದಲು ತಮ್ಮ ತೀರ್ಪುಗಾರರು ಒಂದು ಸಲವಾದರೂ ರಾಣಿಯ ಬೆನ್ನ ಹಿಂದೆ ಹೋಗಿ ನೋಡಿದ್ದುಂಟೆ?

ಆ ದಿನ ನಡೆದದ್ದನ್ನು ಹೇಳುತ್ತೇನೆ. ಚರ್ಮದಂತೆ ಮಿನುಗುವ ಕಪ್ಪು ಗೌನು. ಕ್ಯಾಮರಾದಲ್ಲಿ ಸೊಂಟದ ಬಳಿ ಒಂದು ಸುಕ್ಕು ಕಂಡಿತು. ನಿರ್ದೇಶಕರು ನನ್ನನ್ನು ಕರೆದರು.

"ಆಂಟಿ, ಮೈಮೇಲೇ ಹಾಕಿ ಹೊಲಿದುಬಿಡಿ. ರಾಣಿ ಅಂದ್ರೆ ಒಂದು ಸುಕ್ಕೂ ಇರಬಾರ್ದು."

"ಕೂತ್ಕೊಳ್ಳೋಕೂ ಆಗಲ್ಲ ಸಾರ್ ಅವಳಿಗೆ."

"ರಾಣಿ ಯಾಕೆ ಕೂರ್ಬೇಕು? ನಿಂತ್ಕೊಂಡೇ ಆಳ್ತಾಳೆ ಬಿಡಿ."

ಎಲ್ಲರೂ ನಕ್ಕರು. ಗಿರಾಕಿ ನಕ್ಕರೆ ಜೊತೆಗೆ ನಗುವ ಅಭ್ಯಾಸ, ನಾನೂ ನಕ್ಕೆ. ಜೋಡಿ ದಾರದಲ್ಲಿ ಇಪ್ಪತ್ತೆರಡು ಹೊಲಿಗೆ ಹಾಕಿದೆ. ಮೈಮೇಲೆ ಹೊಲಿಯುವುದು ನಮ್ಮ ಕಸುಬಿಗೆ ಹೊಸದಲ್ಲ. ಆದರೆ ಹೊಲಿದವರು ಕತ್ತರಿ ಹಿಡಿದು ಕ್ಯಾಮರಾದ ಪಕ್ಕದಲ್ಲೇ ನಿಂತಿರಬೇಕು. ಅವತ್ತು 'ಫ್ರೇಮಿಗೆ ಬರ್ತೀರ' ಎಂದು ನನ್ನನ್ನು ಬಾಗಿಲಾಚೆ ಕಳಿಸಿದರು. ಹೋದೆ. ಅದು ನನ್ನ ತಪ್ಪು, ಬರೆದುಕೊಳ್ಳಿ.

ಹೊಗೆ ಬಿಟ್ಟರು. ಎದೆ ಅದುರುವಷ್ಟು ಜೋರಾಗಿ ಹಾಡು ಹಾಕಿದರು. ಅವಳು ಕೈಯೆತ್ತಿದರೆ ಇಪ್ಪತ್ತು ಗಂಡಸರು ಮಂಡಿಯೂರಬೇಕು, ಅದು ದೃಶ್ಯ. ಅವಳಿಗೆ ಉಸಿರು ಸಿಗಲಿಲ್ಲ. ಕೈಯೆತ್ತಿ "ನಿಲ್ಸಿ, ನಿಲ್ಸಿ" ಎಂದು ಕೂಗಿದಳು. ಎತ್ತಿದ ಕೈ ಕಂಡು ಇಪ್ಪತ್ತೂ ಜನ ಅಚ್ಚುಕಟ್ಟಾಗಿ ಮಂಡಿಯೂರಿದರು. ಕ್ಯಾಮರಾ ಮುಖದ ಹತ್ತಿರ ಹೋಯಿತು. ಅವಳು ಕುಸಿದು ಬಿದ್ದ ಮೇಲೆಯೇ ಹಾಡು ನಿಂತದ್ದು. ನಾನು ಓಡಿಹೋಗಿ ಹೊಲಿಗೆ ಕತ್ತರಿಸುವಾಗ ತುಟಿ ನೀಲಿಗಟ್ಟಿತ್ತು.

ಆ ಟೇಕನ್ನು ಎಸೆದಿರುತ್ತಾರೆ ಎಂದುಕೊಂಡಿದ್ದೆ. ಮನುಷ್ಯರ ಬಗ್ಗೆ ನನಗಿನ್ನೂ ಅಷ್ಟು ಒಳ್ಳೆಯ ಅಭಿಪ್ರಾಯವಿತ್ತು. ಎರಡು ನಿಮಿಷ ಹದಿನಾಲ್ಕನೇ ಸೆಕೆಂಡಿನಿಂದ ಹದಿನೇಳರವರೆಗೆ ನೋಡಿ. ಅವಳ ದನಿ ತೆಗೆದು ಮೇಲೆ ಹಾಡು ಕೂರಿಸಿದ್ದಾರೆ. ನಿಧಾನಕ್ಕೆ ಓಡಿಸಿದರೆ 'ನಿಲ್ಸಿ' ಎನ್ನುವ ತುಟಿ ಸ್ಪಷ್ಟವಾಗಿ ಕಾಣುತ್ತದೆ. ತಮ್ಮ ಪ್ರಶಸ್ತಿ ಪತ್ರ "ಕಣ್ಣುಗಳಲ್ಲಿ ಧಗಧಗಿಸುವ ಅಧಿಕಾರ" ಎಂದು ಹೊಗಳಿರುವುದು ಇದೇ ಮೂರು ಸೆಕೆಂಡನ್ನು. ಸ್ವಾಮಿ, ಗಾಳಿ ಸಿಗದ ಯಾವ ಪ್ರಾಣಿಯ ಕಣ್ಣಾದರೂ ಹಾಗೆಯೇ ಧಗಧಗಿಸುತ್ತದೆ.

ಹಾಡು ಬೇಡ, ಕುಣಿತ ಬೇಡ, ಹೆಣ್ಣು ಮೂಲೆಯಲ್ಲಿರಲಿ ಎಂದು ಅರ್ಜಿ ಹಾಕುವ ಪೈಕಿ ನಾನಲ್ಲ. ಹೆಣ್ಣು ಸಿಂಹಾಸನದ ಮೇಲೆ ಕಾಲಮೇಲೆ ಕಾಲು ಹಾಕಿ ಕೂತದ್ದನ್ನು ನೋಡಿ ಸಿಳ್ಳೆ ಹೊಡೆದವಳು. ನನ್ನ ಭಯವೇ ಬೇರೆ.

ಮೊನ್ನೆ ಸಂಜೆ ಅವಳು ಅಂಗಡಿಗೆ ಬಂದಳು. ನೋಡಿದರೆ, ಕನ್ನಡಿಯ ಮುಂದೆ ಮೂಗು ಹಿಡಿದು ನಿಂತು ಬೆರಳಲ್ಲಿ ಏನೋ ಎಣಿಸುತ್ತಿದ್ದಾಳೆ.

"ಏನೇ ಅದು?"

"ಉಸಿರು ಕಟ್ತಿದೀನಿ ದೊಡ್ಡಮ್ಮ. ನಲವತ್ತು ಎಣಿಸಿದ್ಮೇಲೆ ಕಣ್ಣು ಹಾಗೆ ಆಗತ್ತೆ. ಮುಂದಿನ ಹಾಡಿಗೂ ಅದೇ ಲುಕ್ ಬೇಕಂತೆ."

"ತಲೆ ನೆಟ್ಟಗಿದ್ಯಾ ನಿಂಗೆ? ಸತ್ತೇ ಹೋಗ್ತಿದ್ದೆ ಕಣೇ!"

"ಸಾಯ್ಲಿಲ್ವಲ್ಲ. ಎಷ್ಟು ಜನ ಮೆಸೇಜ್ ಮಾಡಿದಾರೆ ಗೊತ್ತಾ, ನಿಮ್ಮ ಥರ ಪವರ್‌ಫುಲ್ ಆಗ್ಬೇಕು ಅಂತ. ಶಾಲೆ ಹುಡುಗೀರು, ದೊಡ್ಡಮ್ಮ!" ಆಮೇಲೆ ಬೆನ್ನು ತಿರುಗಿಸಿ ನಿಂತು, "ಈ ಸಲ ಇನ್ನೂ ಸ್ವಲ್ಪ ಬಿಗಿಯಾಗೇ ಹೊಲಿ" ಎಂದಳು.

ಗುರುವಾರದ ಉಡುಪಿಗೆ ದಾರ ಬೇಡವಂತೆ, ಹೊಳೆಯುವ ತಂತಿಯಲ್ಲಿ ಹೊಲಿಯಬೇಕಂತೆ. ಅಂಗಡಿಯ ದೊಡ್ಡ ಕತ್ತರಿಯಲ್ಲಿ ಪ್ರಯತ್ನಿಸಿ ನೋಡಿದೆ. ಒಂದು ಹೊಲಿಗೆ ಕತ್ತರಿಸಲು ಏಳು ಸೆಕೆಂಡು. ಅವರು ಕೇಳಿರುವುದು ಮೂವತ್ತು ಹೊಲಿಗೆ. ಗುಣಿಸುವ ಕೆಲಸ ತಮಗೇ ಬಿಟ್ಟಿದ್ದೇನೆ. ನನಗೆ ಧೈರ್ಯ ಸಾಲದು. ಒಲ್ಲೆ ಎಂದರೆ ಬೇರೊಬ್ಬರು ಹೊಲಿಯುತ್ತಾರೆ, ಅವರು ಕತ್ತರಿ ತರುತ್ತಾರೆಂದು ಯಾವ ಭರವಸೆ? ಒಪ್ಪಿದರೆ ನನ್ನ ಕೈಯಿಂದಲೇ ಆಗುತ್ತದೆ.

ಗುರುವಾರದ ಅನುಮತಿ ಪತ್ರ ತಮ್ಮ ಮೇಜಿನ ಮೇಲಿದೆ. ಸಹಿಗೆ ಮೊದಲು ಅದರಲ್ಲಿ ಎರಡು ಸಾಲು ಸೇರಿಸಿ. ತೊಟ್ಟವಳು ಯಾರ ಸಹಾಯವೂ ಇಲ್ಲದೆ ತಾನೇ ಬಿಚ್ಚಿಕೊಳ್ಳಲಾಗದ ಉಡುಪಿನಲ್ಲಿ ಚಿತ್ರೀಕರಣ ನಡೆಯಕೂಡದು. ಹಾಡು ನಿಲ್ಲಿಸುವ ಸ್ವಿಚ್ಚು ಅವಳ ಕೈಗೆಟುಕುವಲ್ಲಿರಬೇಕು. ಇವೆರಡೂ ಬೇಡವೆಂದು ನಿರ್ದೇಶಕರು ಹಟ ಹಿಡಿದರೆ ಸಹಿ ಹಾಕಬೇಡಿ. ಅವಳು ಒಂದು ವರ್ಷ ನನ್ನೊಂದಿಗೆ ಮಾತು ಬಿಡುತ್ತಾಳೆ, ಬಿಡಲಿ. ಮಾತು ಬಿಡುವುದಕ್ಕಾದರೂ ಅವಳು ಇರಬೇಕಲ್ಲ.

ಇವತ್ತು ಸೋಮವಾರ. ನಿನ್ನೆ ಐವತ್ತೆರಡರವರೆಗೆ ಎಣಿಸಿದಳಂತೆ.

ಇಂತಿ,
ಸೂಜಿಗೆ ತಂತಿ ಪೋಣಿಸಲು ಕೈ ಬಾರದ
ಒಬ್ಬ ದರ್ಜಿ, ಅವಳ ದೊಡ್ಡಮ್ಮ