ಗುರುಪಾದನ ಹಲ್ಲುನೋವು

ಗದಗ, ಶ್ರಾವಣದ ಮೂವತ್ತೆರಡು, ೨೧೮೭

ಹಿಂದಿನವರಿಗೆ ಶರಣು.

ತಾರೀಖು ನೋಡಿ ನಗಬೇಡಿ, ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ಮಾತೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ಅಳುತ್ತಾ ಬರೆಯುವವನಿಗೆ ತಿದ್ದುವ ತಾಳ್ಮೆ ಇರುವುದಿಲ್ಲ.

ನಿಮ್ಮ ಕಾಲದಲ್ಲೂ ಒಂದು ಮಹಾಮಾರಿ ಬಂದು ಎಲ್ಲರನ್ನೂ ಮನೆಯೊಳಗೆ ಕೂರಿಸಿತ್ತೆಂದು ಓದಿದ್ದೇನೆ. ನಮ್ಮದರ ಹೆಸರು ಬೂದಿಜ್ವರ. ಅದು ಬಂದಾಗ ಪ್ರತಿ ಓಣಿಯ ಬಾಯಿಗೂ ಗಾಜಿನ ಬಾಗಿಲು ಹಾಕಿದರು. ಹೊರಹೋಗಬೇಕಾದವರು ಹೊಸ್ತಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಕಾರಣ ಹೇಳಬೇಕು. ಇದಕ್ಕೆ ಓಣಿಕೂಗು ಎನ್ನುತ್ತೇವೆ. ಕೆಟ್ಟ ಪದ್ಧತಿಯೇನಲ್ಲ. ಜೋಳದ ಹಿಟ್ಟು ಮುಗಿಯಿತೆಂದು ಕೂಗಿದರೆ ನಾಲ್ಕು ಮನೆಯ ಹಿಟ್ಟು ಬಂದು ಬೀಳುತ್ತಿತ್ತು. ಓಣಿಯೊಳಗೆ ತೀರದ ಕಷ್ಟವಿದ್ದರೆ ಮಾತ್ರ ಬಾಗಿಲು ತೆರೆಯುತ್ತಿತ್ತು.

ನಾನು, ಗುರುಪಾದ ಒಂದೇ ಮನೆಯಲ್ಲಿದ್ದೆವು. ಓಣಿಯ ಪಾಲಿಗೆ ಅಣ್ಣತಮ್ಮಂದಿರ ಮಕ್ಕಳು. ಕದ ಹಾಕಿದ ಮೇಲೆ ಅವನು ನನ್ನ ಗಂಡ, ನಾನು ಅವನ ಗಂಡ. ಅವನಿಗೆ ಎಚ್‌ಐವಿ ಇತ್ತು. ಹೌದು, ಆ ಹೆಸರು ಇನ್ನೂ ಹೋಗಿಲ್ಲ. ನೀವು ದಿನಾ ನುಂಗುತ್ತಿದ್ದ ಗುಳಿಗೆಯ ಬದಲು ನಮಗೆ ತೋಳುಬೀಜವಿದೆ, ಚರ್ಮದಡಿ ಹುದುಗಿಸುವ ಅಕ್ಕಿಕಾಳಿನಷ್ಟು ಮದ್ದು. ವರ್ಷಕ್ಕೊಮ್ಮೆ ಆಸ್ಪತ್ರೆಯಲ್ಲಿ ಬದಲಿಸಿಕೊಂಡರೆ ಸಾಕು, ಎಲ್ಲರಂತೆ ಮುದುಕರಾಗಬಹುದು. ಅವನ ತೋಳುಬೀಜದ ಅವಧಿ ಬಾಗಿಲು ಮುಚ್ಚಿದ ಮೇಲೆ ಮುಗಿಯಿತು.

ಅದನ್ನು ಕೂಗುವುದು ಹೇಗೆ? ನಾನು ಕೂಗುತ್ತೇನೆಂದರೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದ. ನಾಳೆಯಿಂದ ನಿನ್ನ ಜೋಡಿ ಯಾರ ಮಾತಾಡ್ತಾರೋ ಸಂಗಣ್ಣ, ಸುಮ್ಕಿರು ಅಂದ. ಹಲ್ಲಿನ ಆಸ್ಪತ್ರೆಯೂ ಬೀಜ ಬದಲಿಸುವ ಆಸ್ಪತ್ರೆಯ ಆವರಣದಲ್ಲೇ ಇದೆಯೆಂದು ಲೆಕ್ಕ ಹಾಕಿ, ಹೊಸ್ತಿಲ ಮೇಲೆ ನಿಂತು ಹಲ್ಲುನೋವು ಎಂದು ಕೂಗಿದ.

ಲವಂಗದ ಎಣ್ಣೆ ಬಂತು. ಎದುರುಮನೆಯ ನೀಲಗಂಗವ್ವ ನವಣೆ ಗಂಜಿ ಕಳಿಸಿದಳು. ಬಾಗಿಲು ತೆರೆಯಲಿಲ್ಲ. ಮತ್ತೆ ಕೂಗಿದ, ಮತ್ತೆ ಗಂಜಿ. ಕೊನೆಗೆ ಓಣಿಯಲ್ಲೇ ಇದ್ದ ನಿವೃತ್ತ ದಂತವೈದ್ಯರು ಇಕ್ಕಳ ಹಿಡಿದು ಬಂದೇಬಿಟ್ಟರು. ಯಾವ ಹಲ್ಲು ಎಂದು ಕೇಳಿದರು. ಗುರುಪಾದ ಒಂದನ್ನು ತೋರಿಸಿದ. ಅವರು ಅದನ್ನು ಕಿತ್ತು ಹೋದ ಮೇಲೆ ರಕ್ತದ ಬಾಯಲ್ಲೇ ನಕ್ಕ, ನಾನೂ ನಕ್ಕೆ. ನಗು ಅಳುವಾಗಲು ಹೊತ್ತು ಹಿಡಿಯಲಿಲ್ಲ.

ಬೂದಿಜ್ವರ ನಮ್ಮ ಓಣಿಗೆ ಬರುವಷ್ಟರಲ್ಲಿ ಅವನ ಮೈಯಲ್ಲಿ ತಡೆಯುವ ಕಸುವು ಉಳಿದಿರಲಿಲ್ಲ. ಬಿದ್ದವರೆಲ್ಲ ಎದ್ದರು, ಅವನೊಬ್ಬ ಏಳಲಿಲ್ಲ.

ಹೆಣ ಹೊರಟಾಗ ನಾನು ಹೊಸ್ತಿಲ ಮೇಲೆ ನಿಂತು ಕೂಗಿದೆ, ನನ್ನ ಗಂಡ ಹೋದ, ಎಚ್‌ಐವಿಯ ತೋಳುಬೀಜ ಸಿಗದೆ ಹೋದ ಎಂದು. ಕೆಲವರು ಕಿಟಕಿ ಮುಚ್ಚಿದರು. ನೀಲಗಂಗವ್ವ ಮಾತ್ರ ಎದೆ ಬಡಿದುಕೊಂಡು, ಒಂದ್ ಮಾತ್ ಹೇಳಬಾರ್ದಿತ್ತೇನೋ ಮಗನ, ಆಸ್ಪತ್ರಿಗೆ ಹೊತ್ಕೊಂಡ್ ಹೋಗ್ತಿದ್ವಲ್ಲೋ ಎಂದಳು. ನಿಜವಿದ್ದೀತು. ಕೇಳಿಸಿಕೊಳ್ಳಲು ಅವನಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಇನ್ನೊಂದು ಮಾರಿ ಬಂದು ಬಾಗಿಲು ಹಾಕುವಾಗ, ಕಾರಣ ಕೇಳದೆ ಬಿಡುವ ಒಂದು ಸಣ್ಣ ಕಿಂಡಿಯನ್ನಾದರೂ ಇಡಿ. ನೀವು ರೂಢಿ ಮಾಡಿದರೆ ನಮ್ಮವರೆಗೂ ಅದು ಬಂದೀತು.

ಆ ಹಲ್ಲು ನನ್ನ ಹತ್ತಿರವೇ ಇದೆ. ಬೆಳಕಿಗೆ ಹಿಡಿದು ನೋಡುತ್ತಿರುತ್ತೇನೆ. ಎಲ್ಲೂ ಹುಳುಕಿಲ್ಲ.

ನಿಮ್ಮ ಮುಂದಿನವ,
ಸಂಗಣ್ಣ